ಎಲ್ಲಿ ನೋಯ್ಲತದವ್ವಾ?

ಕಲಬುರಗಿ, 21 ಏಪ್ರಿಲ್ 2024, ಭಾನುವಾರ

ದೊಡ್ಡವ್ವ ಹೋಗಿ ಇವತ್ತಿಗೆ ಒಂದು ವರ್ಷ. ಬೆಳಿಗ್ಗೆ ಪೂಜೆ ಆಯ್ತು. ಅವಳಿಗೆ ಇಷ್ಟ ಅಂತ ಪುಂಡಿ ಪಲ್ಯ, ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಎಡೆ ಇಟ್ಟೆವು. ಮಧ್ಯಾಹ್ನ ಬಿಸಿಲಿಗೆ ಎಲ್ಲರೂ ಬಾಗಿಲು ಹಾಕಿಕೊಂಡು ಮಲಗಿದರು. ನಾನು ಅವಳ ನೋಟ್‌ಬುಕ್ ತೆಗೆದು ಕೂತೆ.

ದೊಡ್ಡವ್ವ ಸ್ಟಾಫ್ ನರ್ಸ್. 1983ರಲ್ಲಿ ಸೇರಿ 2016ರಲ್ಲಿ ರಿಟೈರ್ ಆದಳು. ಸೇರಿದ ಹೊಸತರಲ್ಲಿ ಗಾಜಿನ ಸಿರಿಂಜು ಕುದಿಸಿ ಮತ್ತೆ ಬಳಸುತ್ತಿದ್ದರು. ಸಲೈನ್ ಹನಿಗಳನ್ನು ವಾಚು ನೋಡಿಕೊಂಡು ಎಣಿಸಬೇಕಿತ್ತು. "ಅರ್ಧ ಲೀಟರ್ ಎಂಟು ತಾಸಿನಾಗ ಹೋಗಬೇಕಂದ್ರ ನಿಮಿಷಕ್ಕ 21 ಹನಿ" ಅಂತ ನನಗೂ ಬಾಯಿಪಾಠ ಮಾಡಿಸಿದ್ದಳು. ನಾನಾಗ ಆರನೇ ಕ್ಲಾಸು.

ಈ ನೋಟ್‌ಬುಕ್ಕಿನಲ್ಲಿ ಮಾತ್ರ ಔಷಧಿ ಹೆಸರು ಒಂದೂ ಇಲ್ಲ. ಬರೀ ನೋವಿನ ಮಾತುಗಳು. ನಮ್ಮ ಕಡೆ ಜನ ಹೇಗೆ ಹೇಳುತ್ತಾರೋ ಹಾಗೇ ಬರೆದಿದ್ದಾಳೆ. ಸೆಳೀತದ. ಉರೀತದ. ಜುಮ್ ಅಂತದ. ಎದಿ ಹಿಡಿದಂಗ ಆಗ್ತದ. ಹೊಟ್ಟಿ ಕಡೀತದ. ಪಕ್ಕದಲ್ಲಿ ಅದರ ಅರ್ಥ. 'ಕಡೀತದ' ಅಂದರೆ ಹೊಟ್ಟೆ ಹಿಂಡಿದಂಥ ನೋವು. ದಕ್ಷಿಣದಿಂದ ಬಂದ ಡಾಕ್ಟರಿಗೆ 'ಕಡಿತ' ಅಂದರೆ ತುರಿಕೆ. ನಮಗೆ ತುರಿಕೆ ಅಂದರೆ 'ತಿಂಡಿ'. ಒಂದೇ ಕನ್ನಡದಲ್ಲೇ ಇಷ್ಟು ದೂರ ಅಲ್ವಾ?

ಆಮೇಲೆ ಬೇರೆ ಭಾಷೆಗಳ ಪುಟಗಳು. ಸೇಡಂ, ಚಿಂಚೋಳಿ ಕಡೆಯಿಂದ ಬರುವ ತೆಲುಗಿನವರಿಗೆ "ಎಕ್ಕಡ ನೊಪ್ಪಿ?", ಎಲ್ಲಿ ನೋವು ಅಂತ. ಆಳಂದದ ಕಡೆಯ ಮರಾಠಿಯವರಿಗೆ ಅದೇ ಮಾತು, "ಕುಠೇ ದುಖತಂಯ?" ದಖನಿ ಉರ್ದು ಮಾತಾಡುವ ಅಜ್ಜಿಯರಿಗೆ "ಡರೋ ನಕ್ಕೋ", ಹೆದರಬೇಡಿ ಅಂತ. ಲಂಬಾಣಿ ಮಾತಿಗೇ ಹನ್ನೆರಡು ಪುಟ ಕೊಟ್ಟಿದ್ದಾಳೆ. ಅದಕ್ಕೆ ಕಾರಣ ಇದೆ. ಅವಳು ನನಗೆ ಒಂದೇ ಸಲ ಹೇಳಿದ್ದು.

ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತಂತೆ. ಒಂದು ಸಣ್ಣ ಊರಿನಲ್ಲಿ ರಾತ್ರಿ ಡ್ಯೂಟಿ. ತಾಂಡಾದಿಂದ ಒಬ್ಬ ಬಸುರಿಯನ್ನು ಕರೆತಂದು ಬಿಟ್ಟು, ಜೊತೆಗೆ ಬಂದವರು ಊಟ ತರಲು ಹೋಗಿದ್ದರು. ಆಕೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ದೊಡ್ಡವ್ವ ಅದು ಹೆರಿಗೆ ಬ್ಯಾನಿ ಅಂದುಕೊಂಡು ಬೆನ್ನು ಸವರುತ್ತಾ ಕೂತಳು. ಆಕೆ ಹೇಳುತ್ತಿದ್ದದ್ದು ತಲೆನೋವು. ಕಾಲು ಬಾತಿದ್ದವು. ಬಿ.ಪಿ. ಏರಿ, ಬೆಳಗಿನ ಜಾವ ಫಿಟ್ಸ್ ಬಂತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

"ಭಾಷಾ ಬರಲಿಲ್ಲಂದ್ರೂ ಬಿ.ಪಿ. ನೋಡಬೇಕಾಗಿತ್ತು ನಾ" ಅಂದಳು. ಆವತ್ತು ನಾನು ಏನೋ ಸಮಾಧಾನ ಹೇಳಹೋದೆ. "ಸುಮ್ನಿರು, ಹಂಗ ಅನಬ್ಯಾಡ" ಅಂದಳು. ಆ ತಪ್ಪನ್ನು ಯಾರ ಮೇಲೂ ಹಾಕಲಿಲ್ಲ, ಹಗುರ ಮಾಡಿಕೊಳ್ಳಲೂ ಇಲ್ಲ. ಆ ವಾರವೇ ಆಯಾ ಒಬ್ಬಳ ಹತ್ತಿರ ಕೂತು ಲಂಬಾಣಿ ಮಾತು ಕೇಳಿ ಬರೆದುಕೊಂಡಳಂತೆ. ಈ ನೋಟ್‌ಬುಕ್ಕಿನ ಮೊದಲ ಪುಟ ಅದು. ಮೊದಲ ಮಾತು 'ತಲೆ'.

ಆಮೇಲೆ 30 ವರ್ಷ ಅವಳು ಹೊಸ ಪೇಷಂಟಿನ ಹತ್ತಿರ ಹೋದರೆ ಮೊದಲು ಅವರ ಭಾಷೆ ಯಾವುದು ಅಂತ ಕೇಳುತ್ತಿದ್ದಳು. ಆಮೇಲೆ ಎಲ್ಲಿ ನೋವು ಅಂತ. ಒಮ್ಮೆ ಅಫಜಲಪುರದ ಕಡೆಯ ಮುತ್ಯಾ ಒಬ್ಬರು ಹೊಟ್ಟೆ ಮೇಲ್ಭಾಗ ಉರಿ ಅಂತ ಬಂದರು. ಮಕ್ಕಳು ಗ್ಯಾಸ್ ಅಂತಿದ್ದರು. ದೊಡ್ಡವ್ವ ಅವರ ಕೈ ಹಿಡಿದು ನೋಡಿದಳು. ಅಂಗೈ ತಣ್ಣಗೆ, ಬೆವರಿತ್ತು. "ಮುತ್ಯಾ, ಉರಿನೋ, ಭಾರನೋ?" ಅಂತ ಕೇಳಿದಳು. ಭಾರ, ಕಲ್ಲು ಇಟ್ಟಂಗ ಅಂದರು. ಡಾಕ್ಟರನ್ನು ಕರೆದು ಇ.ಸಿ.ಜಿ. ಮಾಡಿಸಿದಳು. ಹಾರ್ಟ್ ಅಟ್ಯಾಕೇ. ಆ ಮುತ್ಯಾ ಮುಂದೆ ಎಷ್ಟೋ ವರ್ಷ ಸುಗ್ಗಿಗೆ ಎಳೆ ಜೋಳದ ಸೀತನಿ ಕಳಿಸುತ್ತಿದ್ದರು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮೂರಿನಲ್ಲೇ ಆಯ್ತು. ಊರೆಲ್ಲಾ ಹೆದರಿತ್ತು. ದೊಡ್ಡವ್ವ ಆಗ ರಿಟೈರ್ ಆಗಿದ್ದಳು. ಆದರೂ ಫೋನು ಬಿಡಲಿಲ್ಲ. ಮುಂದಿನ ವರ್ಷ ಎರಡನೇ ಅಲೆಯಲ್ಲಂತೂ ರಾತ್ರಿ ಎರಡಕ್ಕೂ ಎತ್ತುತ್ತಿದ್ದಳು. "ಆಕ್ಸಿಜನ್ 94ಕ್ಕಿಂತ ಕಮ್ಮಿ ಬಂದ್ರ ಮನಿಯಾಗ ಕೂಡಬ್ಯಾಡ್ರಿ" ಅಂತ ಹೇಳಿ ಹೇಳಿ ಗಂಟಲು ಬಿದ್ದುಹೋಗಿತ್ತು.

ಹೋದ ವರ್ಷ ಅವಳಿಗೇ ಲಕ್ವಾ ಹೊಡೆಯಿತು. ಬಲಗಡೆ ಬಿದ್ದುಹೋಯ್ತು, ಮಾತು ನಿಂತಿತು. ಇಷ್ಟೊಂದು ಜನರ ನೋವಿಗೆ ಮಾತು ಹುಡುಕಿದವಳು ಕಣ್ಣು ಬಿಟ್ಟು ಸುಮ್ಮನೆ ನೋಡುತ್ತಿದ್ದಳು. ನನಗೆ ತಡೆಯಲಿಕ್ಕಾಗುತ್ತಿರಲಿಲ್ಲ. ಒಂದು ರಾತ್ರಿ ತುಂಬಾ ಒದ್ದಾಡಿದಳು. ಮಗ್ಗುಲು ಬದಲಿಸಿದೆ, ನೀರು ಕುಡಿಸಿದೆ. ಯಾವುದೂ ಆಗಲಿಲ್ಲ. ಆಗ ಈ ನೋಟ್‌ಬುಕ್ ನೆನಪಾಯ್ತು. ಅವಳ ಎಡಗೈಯೊಳಗೆ ನನ್ನ ಬೆರಳು ಇಟ್ಟು, ಒಂದೊಂದೇ ಓದಿದೆ.

"ಎಲ್ಲಿ ನೋಯ್ಲತದ ದೊಡ್ಡವ್ವ? ತಲಿ? ಎದಿ? ಕಾಲು?"

ಕಾಲು ಅಂದಾಗ ಬೆರಳು ಒತ್ತಿದಳು.

"ಸೆಳೀತದ? ಉರೀತದ? ಜುಮ್ ಅಂತದ?"

ಮತ್ತೆ ಒತ್ತಿದಳು. ಈ ಸಲ ಗಟ್ಟಿಯಾಗಿ. ಹೊದಿಕೆ ಸರಿಸಿ, ಅವಳ ಪಾದ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ತಿಕ್ಕುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು ಅವಳಿಗೆ.