ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ

1996ರ ಡಿಸೆಂಬರ್. ಹಾಸನದ ನಮ್ಮ ಕಾಲೇಜಿನಿಂದ ದುದ್ದದ ಕಡೆಯ ಒಂದು ಹಳ್ಳಿಗೆ ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗಿದ್ದೆವು. ಮಲಗುವುದು ಶಾಲೆಯ ಜಗಲಿಯಲ್ಲಿ, ಏಳುವುದು ಬೆಳಗಿನ ಐದಕ್ಕೆ. ಆ ಚಳಿಯಲ್ಲಿ ಕಂಬಳಿ ಬಿಟ್ಟು ಏಳೋದು ಸುಮ್ನೆ ಮಾತಲ್ಲ. ಸರ್ ಮಾತ್ರ ಆಗಲೇ ಸ್ನಾನ ಮುಗಿಸಿ ನಿಂತಿರುತ್ತಿದ್ದರು. ‘ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ!’ ಅಂತ ಕೂಗುತ್ತಿದ್ದರು. ಅದು ಗಾಂಧಿವಾದಿ ಎಸ್.ಎನ್. ಸುಬ್ಬರಾವ್ ಅವರ ಮಾತು ಅಂತ ನಮಗೆ ಗೊತ್ತಾದದ್ದು ಮೂರನೇ ದಿನ.

ಅವತ್ತು ಕೆಳಗಿನ ಕೇರಿಯ ಚರಂಡಿ ತೆಗೆಯಬೇಕಿತ್ತು. ನಮ್ಮಲ್ಲೇ ಕೆಲವರು ಹಿಂದೆ ಸರಿದರು. ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ, ಅವರಲ್ಲಿ ನಾನೂ ಒಬ್ಬ. ಸರ್ ಬೈಯಲಿಲ್ಲ. ಸಲಿಕೆ ಹಿಡಿದು ಉಳಿದವರ ಜೊತೆ ಹೊರಟರು.

ರಾತ್ರಿ ಮುದ್ದೆ ಉಂಡ ಮೇಲೆ ಕರೆಂಟು ಹೋಯಿತು. ಲಾಟೀನು ಹಚ್ಚಿಕೊಂಡು ಸರ್ ಆ ಸುಬ್ಬರಾವ್ ಅವರ ಕಥೆ ಶುರು ಮಾಡಿದರು. ಬೆಂಗಳೂರಲ್ಲಿ 1929ರಲ್ಲಿ ಹುಟ್ಟಿದ ಹುಡುಗ. 1942ರ ಚಳವಳಿಯಲ್ಲಿ ಗೋಡೆ ಮೇಲೆ ‘ಭಾರತ ಬಿಟ್ಟು ತೊಲಗಿ’ ಎಂದು ಬರೆದು ಜೈಲು ಸೇರಿದಾಗ ಹದಿಮೂರು ವರ್ಷ. ಮುಂದೆ ಊರೂರು ಸುತ್ತಿ ಯುವಕರ ಶಿಬಿರ ನಡೆಸಿದರು. ಯಾವಾಗಲೂ ಖಾದಿ ಚಡ್ಡಿ, ಅರ್ಧ ತೋಳಿನ ಅಂಗಿ. ಎಲ್ಲರಿಗೂ ಅವರು ‘ಭಾಯೀಜಿ’. ಮಧ್ಯಪ್ರದೇಶದ ಜೌರಾದಲ್ಲಿ, ಚಂಬಲ್ ಕಣಿವೆಯ ಡಕಾಯಿತರ ಸೀಮೆಯಲ್ಲೇ, ಆಶ್ರಮ ಕಟ್ಟಿಕೊಂಡು ಕೂತರು. 1972ರ ಏಪ್ರಿಲ್‌ನಲ್ಲಿ ಅಲ್ಲಿ ಜಯಪ್ರಕಾಶ್ ನಾರಾಯಣ್ ಎದುರಿಗೆ, ಗಾಂಧೀಜಿ ಪಟದ ಮುಂದೆ ಡಕಾಯಿತರು ಬಂದೂಕು ಕೆಳಗಿಟ್ಟರು. ಮೋಹರ್ ಸಿಂಗ್, ಮಾಧೋ ಸಿಂಗ್‌ರಂಥವರೇ ಶರಣಾದರು.

ನಮಗೆ ಬಂದೂಕಿನ ಕಥೆ ಬೇಕಿತ್ತು. ಸರ್ ಜಾಸ್ತಿ ಹೇಳಿದ್ದು ಆಮೇಲಿನದನ್ನು. ಶರಣಾದವರು ಜೈಲಿಗೆ ಹೋದರು, ಅವರ ಹೆಂಡತಿ ಮಕ್ಕಳ ಗತಿ ಏನು? ಅವರಿಗೊಂದು ಬದುಕು ಕಟ್ಟಿಕೊಡುವ ಕೆಲಸಕ್ಕೆ ಆಶ್ರಮ ಹೆಗಲು ಕೊಟ್ಟಿತು. ಯಾವ ಪೇಪರಿನ ಮುಖಪುಟಕ್ಕೂ ಬರದ, ವರ್ಷಗಟ್ಟಲೆ ಹಿಡಿಯುವ ಕೆಲಸ. ಭಾಯೀಜಿ ದೊಡ್ಡವರು ಅಂತ ನನಗೆ ಅನ್ನಿಸುವುದು ಇದಕ್ಕೇ. ಕೊಲೆ ಮಾಡಿದವರ ಜೊತೆ ಒಬ್ಬರು ಕೂತು ಮಾತಾಡಿದ್ದಾರೆ, ನಾನು ಒಂದು ಕೇರಿಗೆ ಕಾಲಿಡಲು ಹಿಂಜರಿದಿದ್ದೆ. ಅವತ್ತು ನಿದ್ದೆ ಬರಲಿಲ್ಲ.

ಬೆಳಿಗ್ಗೆ ಯಾರೂ ಕರೆಯುವ ಮುಂಚೆ ಮಂಕರಿ ಎತ್ತಿಕೊಂಡು ಹೋದೆ. ಮಧ್ಯಾಹ್ನದವರೆಗೂ ಕೆಸರು ಹೊತ್ತೆವು. ಒಬ್ಬ ಅಜ್ಜಿ ಬೆಲ್ಲದ ಕಾಫಿ ತಂದು, ‘ಕುಡೀತೀಯೇನಪ್ಪಾ?’ ಅಂದರು. ಆ ಕೇಳಿದ ರೀತಿ ಇನ್ನೂ ಕಿವಿಯಲ್ಲಿದೆ. ಕುಡಿದೆ. ಇನ್ನೊಂದು ಲೋಟ ಕೇಳಿ ಕುಡಿದೆ.

2021ರ ಅಕ್ಟೋಬರ್ 27ರಂದು ಭಾಯೀಜಿ ಜೈಪುರದಲ್ಲಿ ತೀರಿಕೊಂಡರು. ಸುದ್ದಿ ಕೇಳಿ ಸರ್‌ಗೆ ಫೋನ್ ಮಾಡಿದೆ. ‘ಜೌರಾಕ್ಕೇ ಕರ್ಕೊಂಡು ಹೋಗ್ತಾರಂತೆ ಕಣಯ್ಯ’ ಅಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, ‘ಆ ಚರಂಡಿ ಈಗ ಹೇಗಿದೆಯೋ, ನೋಡ್ಕೊಂಡು ಬರೋಣ್ವಾ?’ ಅಂದರು.

ಹೋದೆವು. ಚರಂಡಿಗೆ ಕಾಂಕ್ರೀಟ್ ಆಗಿದೆ. ಅಜ್ಜಿ ಇಲ್ಲ. ಮೊಮ್ಮಗಳು ಹೊರಗೆ ಬಂದು ಚಾಪೆ ಹಾಸಿದಳು. ಸರ್ ಅಲ್ಲೇ ಕೂತು ಅವಳ ಮಕ್ಕಳ ಓದು ವಿಚಾರಿಸತೊಡಗಿದರು.