ಕ್ಯೂನಲ್ಲಿ ಒಂದು ಸೋಮವಾರ

ಭಾನುವಾರದ ಬಲಿಪೂಜೆ, ಅಂದರೆ ಚರ್ಚಿನ ಆರಾಧನೆ, ಮುಗಿದ ಮೇಲೆ ಚರ್ಚ್ ಪಕ್ಕದ ಕೋಣೆಯಲ್ಲಿ ನಾವು ಒಂದಷ್ಟು ಜನ ಸೇರುತ್ತೇವೆ. ಸಂತ ವಿನ್ಸೆಂಟ್ ದೆ ಪೌಲರ ಸಭೆ ಅಂತ ಹೆಸರು, ಎಲ್ಲರ ಬಾಯಲ್ಲಿ ಎಸ್‌ವಿಪಿ. ಪ್ರಾರ್ಥನೆ, ಹೋದ ವಾರ ಯಾವ ಮನೆಗೆ ಹೋಗಿದ್ದೆವು ಅನ್ನೋ ವರದಿ, ಆಮೇಲೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಬರುತ್ತದೆ. ಮುಷ್ಟಿ ಮುಚ್ಚಿ ಒಳಗೆ ಹಾಕಬೇಕು. ಹತ್ತೋ ಐನೂರೋ, ಪಕ್ಕದವರಿಗೂ ಗೊತ್ತಾಗಬಾರದು. ಏನೂ ಇಲ್ಲದವನು ಖಾಲಿ ಕೈ ಹಾಕಿ ತೆಗೆದರೂ ನಡೆಯುತ್ತದೆ. ಈ ಸಭೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಈ ಚೀಲವೇ.

ಸಭೆ ಶುರುವಾಗಿದ್ದು 1833ರಲ್ಲಿ, ಪ್ಯಾರಿಸ್‌ನಲ್ಲಿ. ಫ್ರೆಡ್ರಿಕ್ ಓಜಾನಾಂ ಆಗ 20 ವರ್ಷದ ಕಾನೂನು ವಿದ್ಯಾರ್ಥಿ. ನಿಮ್ಮ ಕಥೋಲಿಕ ಧರ್ಮಸಭೆ ಹಿಂದೆ ಏನೇನೋ ಮಾಡಿರಬಹುದು, ಈಗ ನೀವೇನು ಮಾಡ್ತಿದ್ದೀರಿ ಅಂತ ಜೊತೆಯ ಹುಡುಗರು ಕೆಣಕಿದರು. ಅವನು ವಾದ ಬಿಟ್ಟು ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆ ಬಾಗಿಲಿಗೆ ಹೋದ. ಈಗಲೂ ಪದ್ಧತಿ ಅದೇ. ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಮನೆಗೇ ಹೋಗುತ್ತೇವೆ. ಸಹಾಯಕ್ಕೆ ಜಾತಿ, ಧರ್ಮ ನೋಡುವ ಹಾಗಿಲ್ಲ. ಹೋದ ಮನೆಯ ಹೆಸರು ಹೊರಗೆ ಹೇಳುವ ಹಾಗೂ ಇಲ್ಲ. ಹಾಗಾಗಿ ಇಲ್ಲೂ ಹೇಳುವುದಿಲ್ಲ.

ನನ್ನ ಜೋಡಿ ಒಬ್ಬರು ರಿಟೈರ್ಡ್ ಮೇಷ್ಟ್ರು. ನಮ್ಮ ಪಾಲಿಗೆ ಬಂದವರು ಮೈಸೂರಿನ ಒಂದು ಗಲ್ಲಿಯ ಅಜ್ಜಿ. ವರ್ಷಗಟ್ಟಲೆ ಊದುಬತ್ತಿ ಹೊಸೆದು ಮಕ್ಕಳನ್ನು ಸಾಕಿದವರು. ಮಕ್ಕಳು ಈಗ ಅವರವರ ಪಾಡಿಗೆ ಇದ್ದಾರೆ. ನಾವು ಅಕ್ಕಿ, ಬೇಳೆ, ಎಣ್ಣೆ ಕೊಟ್ಟು, ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆವು. ಒಂದು ಸಲ ಅಜ್ಜಿ ಚೀಲ ಒಳಗಿಟ್ಟು ಬಂದು, "ಅಕ್ಕಿ ಕೊಡ್ತೀರ, ಸಂತೋಷ ಕಣಪ್ಪಾ. ನನ್ನ ಪಿಂಚಣಿ ಯಾಕೆ ನಿಂತೋಯ್ತು ಅಂತ ಒಸಿ ಕೇಳ್ಕೊಡಿ" ಅಂದರು.

ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ. ತಿಂಗಳಿಗೆ ₹1,200. ಬ್ಯಾಂಕಿಗೆ ಹೋದರೆ "ಬಂದಿಲ್ಲ ಹೋಗಜ್ಜಿ" ಅನ್ನುತ್ತಿದ್ದರಂತೆ. ಯಾಕೆ ಬಂದಿಲ್ಲ ಅಂತ ಯಾರೂ ಹೇಳಿಲ್ಲ. ನಾವು ಕೊಡುತ್ತಿದ್ದ ಸಾಮಾನಿಗಿಂತ ಅದು ಜಾಸ್ತಿ, ಅಲ್ವಾ? ಅದರ ಮೇಲೆ ಅದು ಅವರದ್ದೇ ದುಡ್ಡು. ಯಾರ ಮುಂದೂ ಕೈಚಾಚಬೇಕಿಲ್ಲ.

ಸೋಮವಾರ ನಾನು ಅಂಗಡಿಯನ್ನು ತಮ್ಮನಿಗೆ ಬಿಟ್ಟೆ. ಮೂವರೂ ಆಟೋದಲ್ಲಿ ಬ್ಯಾಂಕಿಗೆ ಹೊರಟೆವು. ಕ್ಯೂ ಬಾಗಿಲಿನ ಆಚೆಗೂ ಇತ್ತು. ಅಜ್ಜಿಯನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿ ಅವರ ಪಾಸ್‌ಬುಕ್ ಹಿಡಿದು ನಾನು ನಿಂತೆ. ಕೌಂಟರಿನ ಹುಡುಗಿ ಮೊದಲು ಹೇಳಿದ್ದೂ ಅದೇ ಮಾತು, ಬಂದಿಲ್ಲ. ಮೇಷ್ಟ್ರು ಜಗಳ ಆಡುವವರಲ್ಲ, ಆದರೆ ಜಾಗ ಬಿಟ್ಟು ಕದಲುವವರೂ ಅಲ್ಲ. "ಈ ಖಾತೆಗೆ ಬಂದಿಲ್ಲ ಸರಿ ಕಣಮ್ಮಾ, ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ಅಂತ ನೋಡ್ತೀಯಾ?" ಅಂದರು. ಅವಳು ನೋಡಿದಳು. ಬೇರೆ ಬ್ಯಾಂಕಿಗೆ ಆಗಿತ್ತು.

ಆಗ ಅಜ್ಜಿಗೆ ನೆನಪಾಯಿತು. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಕೆಜಿಗೆ ₹34ರಂತೆ ದುಡ್ಡು ಹಾಕಲು ಸರ್ಕಾರ ಶುರು ಮಾಡಿತಲ್ಲ, ಆಗ ಗಲ್ಲಿಗೆ ಬಂದ ಯಾರೋ ಹೊಸ ಖಾತೆ ಮಾಡಿಸಿಕೊಟ್ಟಿದ್ದರು. ಸರ್ಕಾರದ ದುಡ್ಡು ಆಧಾರ್ ಹಿಡಿದುಕೊಂಡು ಹೋಗುತ್ತದೆ, ಕೊನೆಯದಾಗಿ ಜೋಡಿಸಿದ ಖಾತೆಗೇ ಬೀಳುತ್ತದೆ. ಪಿಂಚಣಿ ನಿಂತಿರಲೇ ಇಲ್ಲ. ದಾರಿ ಬದಲಿಸಿತ್ತು, ಅಷ್ಟೇ.

ಇನ್ನೊಂದು ಆಟೋ, ಇನ್ನೊಂದು ಕ್ಯೂ. ಅಲ್ಲಿ ಬೆರಳಿಡಿ ಅಂದರು. ಅಜ್ಜಿಯ ಬೆರಳನ್ನು ಮೆಷಿನ್ ಒಪ್ಪಲಿಲ್ಲ. ಒರೆಸಿ ಇಟ್ಟರು, ಬೇರೆ ಬೆರಳು ಇಟ್ಟರು, ಆಗಲಿಲ್ಲ. ಇದ್ದಿಲ ಪುಡಿಯ ಹಿಟ್ಟನ್ನು ಕಡ್ಡಿಗೆ ಹಚ್ಚಿ ದಿನಕ್ಕೆ ಸಾವಿರಗಟ್ಟಲೆ ಹೊಸೆದ ಕೈ. ಗೆರೆ ಎಲ್ಲಿ ಉಳಿಯುತ್ತದೆ? ಅಜ್ಜಿ ಏನೋ ತಪ್ಪು ಮಾಡಿದವರ ಹಾಗೆ ಕೈ ಸೆರಗೊಳಗೆ ಎಳೆದುಕೊಂಡರು. ಬೆರಳು ಬರದಿದ್ದರೆ ಕಣ್ಣು ಸ್ಕ್ಯಾನ್ ಮಾಡಬಹುದು, ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆ ಮೆಷಿನ್ ಇದ್ದ ಕಪಾಟಿನ ಬೀಗದ ಕೈ ಊಟಕ್ಕೆ ಹೋಗಿತ್ತು. ಕಾದೆವು.

ಕಾಯುವಾಗ ನನಗೆ ಚಿಕ್ಕಂದಿನ ಚರ್ಚಿನ ಜ್ಞಾನೋಪದೇಶದ ಕ್ಲಾಸು ನೆನಪಾಯಿತು. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಬಟ್ಟೆ ಇಲ್ಲದವರಿಗೆ ಬಟ್ಟೆ ಅಂತ ಏಳು ಕರುಣೆಯ ಕಾರ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಬೈಬಲಿನ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಇರುವುದು ಆರೇ. ಸತ್ತವರನ್ನು ಹೂಳುವ ಏಳನೆಯದನ್ನು ಬೈಬಲಿನದೇ ತೊಬೀತನ ಗ್ರಂಥ ನೋಡಿ ಆಮೇಲೆ ಸೇರಿಸಿದ್ದು. ಹಾಗೆ ಸೇರಿಸಬಹುದಾದರೆ ಕ್ಯೂನಲ್ಲಿ ನಿಲ್ಲೋದನ್ನೂ ಸೇರಿಸಲಿ ಅಂದೆ. ಮೇಷ್ಟ್ರು ನಗಲಿಲ್ಲ. "ಫಾರಂ ತುಂಬೋದನ್ನೂ" ಅಂದರು.

ಸಂಜೆ ಹೊತ್ತಿಗೆ ಹೊಸ ಪಾಸ್‌ಬುಕ್ ಪ್ರಿಂಟ್ ಆಗಿ ಬಂತು. ಸಾಲಾಗಿ ₹1,200, ₹1,200. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡರು. "ಎಲ್ಲ ನಿಮ್ ಯೇಸಪ್ಪನ ದಯ" ಅಂದರು. ಅವರ ಮನೆಯಲ್ಲಿ ಚಾಮುಂಡೇಶ್ವರಿ ಫೋಟೋ ಇದೆ, ನಾವು ಹೋದಾಗೆಲ್ಲ ನೋಡಿದ್ದೇ. ಮೇಷ್ಟ್ರು "ನಿಮ್ಮಮ್ಮನೂ ಇದ್ದಾಳಲ್ಲಜ್ಜಿ" ಅಂದು ಆಟೋ ಕರೆದರು.

ಭಾನುವಾರ ವರದಿ ಹೇಳಿದೆ. ಆಟೋ ದುಡ್ಡು ಬಿಟ್ಟರೆ ಖರ್ಚಿಲ್ಲ. ಆಧಾರ್, ಬ್ಯಾಂಕು ಎಲ್ಲ ನಮ್ಮ ಸಭೆಯ ಕೆಲಸವಾ ಅಂತ ಒಬ್ಬರು ಕೇಳಿದರು. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಅಕ್ಕಿ ಕೊಡೋದು ಸುಲಭ, ಕೊಟ್ಟವರಿಗೂ ಸಮಾಧಾನ. ಒಂದು ದಿನದ ವ್ಯಾಪಾರ ಬಿಟ್ಟು ಇನ್ನೊಬ್ಬರ ಕಾಗದ ಹಿಡಿದು ನಿಲ್ಲೋದರಲ್ಲಿ ಆ ಸಮಾಧಾನವೂ ಇಲ್ಲ. ಬರೀ ಕಾಲುನೋವು. ಆದರೂ ನನ್ನ ಪ್ರಕಾರ ಚೀಲಕ್ಕೆ ಹಾಕುವ ನೋಟಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮುಂದಿನ ಸಲ ಹೋದಾಗ ಅಜ್ಜಿಯ ಪಕ್ಕದ ಮನೆಯವರು ಒಂದು ಕಟ್ಟು ಕಾಗದ ಹಿಡಿದು ನಿಂತಿದ್ದರು. ಅವರದ್ದು ವಿಧವಾ ವೇತನ. ಗಂಡನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಅದು ಬ್ಯಾಂಕಿನಲ್ಲಿ ಆಗೋದಲ್ಲ, ನಾಡಕಚೇರಿಗೆ ಹೋಗಬೇಕು. ತಮ್ಮನಿಗೆ ಇನ್ನೂ ಹೇಳಿಲ್ಲ.