‘ಕ್ಯಾಶ್ ಕ್ಲಿಯರ್ ಮಾಡಿದೆ ಸಾರ್, ಆದ್ರೂ ಹಳೇದೇ ಬರ್ತಿದೆ’

ಈ ಸಾಲು ನನ್ನ ವಾಟ್ಸ್ಯಾಪಿಗೆ ಬರುತ್ತಲೇ ಇರುತ್ತದೆ. ಜೊತೆಗೊಂದು ಸ್ಕ್ರೀನ್‌ಶಾಟ್. ಪಿಎಚ್‌ಪಿ (ಸರ್ವರಿನಲ್ಲಿ ಓಡಿ ಪೇಜು ತಯಾರಿಸುವ ಭಾಷೆ) ಫೈಲಿನಲ್ಲಿ ಏನೋ ಬದಲಾಯಿಸಿದ್ದಾರೆ, ಪೇಜು ಮಾತ್ರ ಹಳೇದನ್ನೇ ತೋರಿಸುತ್ತಿದೆ, ಏನು ಮಾಡಬೇಕು ಅಂತ ಪ್ರಶ್ನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಈ ಬರಹದ ಲಿಂಕ್ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಕ್ಯಾಶ್ ಎಂದರೆ ಪ್ರತಿ ಸಲ ಹೊಸದಾಗಿ ಮಾಡುವುದು ಬೇಡ ಎಂದು ಎತ್ತಿಟ್ಟುಕೊಂಡ ನಕಲು. ಯಾವ ಕ್ಯಾಶ್ ಕ್ಲಿಯರ್ ಮಾಡಿದಿರಿ? ಇಷ್ಟು ಕೇಳಿದರೆ ಸಾಕು, ಆ ಕಡೆ ಸದ್ದೇ ಇರುವುದಿಲ್ಲ. ಬ್ರೌಸರಿನದು ಒಂದಿದೆ. ಸಿಡಿಎನ್ (ಸೈಟಿನ ನಕಲನ್ನು ಬೇರೆ ಬೇರೆ ಊರಿನ ಸರ್ವರುಗಳಿಂದ ಹಂಚುವ ಸೇವೆ) ಹಾಕಿಸಿದ್ದರೆ ಅದರದೊಂದು. ಪಿಎಚ್‌ಪಿಯ ಮುಂದೆ ನಿಂತು ಪೇಜು ಕೊಡುವ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ ಒಂದಿರಬಹುದು. ಪಿಎಚ್‌ಪಿ ಒಳಗೆ, ಓಡಲು ಸಿದ್ಧವಾದ ಕೋಡನ್ನು ಇಟ್ಟುಕೊಳ್ಳುವ ಆಪ್‌ಕ್ಯಾಶ್ ಇದೆ. ಹೋದ ವರ್ಷ ನೀವೇ ರೆಡಿಸ್‌ನಲ್ಲಿ (ಮಾಹಿತಿಯನ್ನು ಮೆಮೊರಿಯಲ್ಲಿ ಇಡುವ ಸಾಫ್ಟ್‌ವೇರ್) ತುಂಬಿಟ್ಟು ಮರೆತದ್ದು ಬೇರೆ. ಇಷ್ಟರಲ್ಲಿ ನೀವು ಮಾಡಿದ್ದು ಕಂಟ್ರೋಲ್ ಎಫ್5. ಅದನ್ನು ಒತ್ತಿದಾಗ ಬ್ರೌಸರ್ ತನ್ನ ಹತ್ತಿರ ಇಟ್ಟುಕೊಂಡದ್ದನ್ನು ಬಿಟ್ಟು ‘ಹೊಸದು ಕೊಡು’ ಎಂದು ಸರ್ವರಿಗೆ ಹೇಳುತ್ತದೆ, ನಿಜ. ಆದರೆ ನಡುವೆ ಕೂತ ಎಂಜಿನ್‌ಎಕ್ಸ್ ಮಾಮೂಲಿ ಸೆಟ್ಟಿಂಗಿನಲ್ಲಿ ಆ ಮಾತಿಗೆ ಸೊಪ್ಪು ಹಾಕುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಆದ್ದರಿಂದ ಏನನ್ನೂ ಕ್ಲಿಯರ್ ಮಾಡಬೇಡಿ. ಮೊದಲು ನೋಡಿ. ಪೇಜಿನ ಮೇಲ್ಗಡೆ ಈಗಿನ ಗಂಟೆ, ನಿಮಿಷ, ಸೆಕೆಂಡ್ ಪ್ರಿಂಟ್ ಮಾಡುವ ಒಂದು ಸಾಲು ಸೇರಿಸಿ. ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಬಾಯಿಗೆ ಬಂದ ಒಂದು ಸಂಖ್ಯೆ ಬರೆದು ತೆರೆಯಿರಿ. ಹೊಸ ವಿಳಾಸವಾದ್ದರಿಂದ ಹೊರಗಿನ ಕ್ಯಾಶ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಗಂಟೆ ಕಾಣಿಸಲೇ ಇಲ್ಲವಾ? ಹಾಗಾದರೆ ಓಡುತ್ತಿರುವುದು ಹಳೆಯ ಕೋಡು, ಇಲ್ಲವೇ ನೀವು ತಿದ್ದಿದ್ದು ಬೇರೆ ಯಾವುದೋ ಫೈಲು. ನಗಬೇಡಿ, ಎರಡನೇದೇ ಜಾಸ್ತಿ. ಸಂಖ್ಯೆ ಹಾಕಿದಾಗ ಗಂಟೆ ಕಾಣುತ್ತದೆ, ಹಾಕದಿದ್ದರೆ ಇಲ್ಲ ಅಥವಾ ಎಷ್ಟು ರಿಫ್ರೆಶ್ ಮಾಡಿದರೂ ಅದೇ ಸೆಕೆಂಡಿಗೆ ನಿಂತಿದೆ ಎಂದರೆ ಪೇಜನ್ನು ಪಿಎಚ್‌ಪಿಯ ಹೊರಗೆ ಯಾರೋ ಎತ್ತಿಟ್ಟುಕೊಂಡಿದ್ದಾರೆ. ಗಂಟೆ ಓಡುತ್ತಿದೆ, ಮಾಹಿತಿ ಮಾತ್ರ ಹಳೇದು ಎಂದರೆ ತಪ್ಪು ನಿಮ್ಮ ಕೋಡಿನೊಳಗೇ ಇದೆ. ರೆಡಿಸ್ ನೋಡಿ. ತಪ್ಪನ್ನು ಮೈಎಸ್‌ಕ್ಯೂಎಲ್ ಡೇಟಾಬೇಸಿನ ಕ್ವೆರಿ ಕ್ಯಾಶ್ ಮೇಲೆ ಹಾಕಬೇಡಿ. ಅದನ್ನು 8.0ರಲ್ಲಿ ತೆಗೆದೇ ಹಾಕಿದ್ದಾರೆ. ಇದ್ದಾಗಲೂ ಟೇಬಲ್ ಬದಲಾದ ಕೂಡಲೇ ಅದು ತನ್ನದನ್ನು ತಾನೇ ಅಳಿಸಿಕೊಳ್ಳುತ್ತಿತ್ತು.

ಆಪ್‌ಕ್ಯಾಶ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪಿಎಚ್‌ಪಿ 5.5ರಿಂದ ಅದು ಜೊತೆಯಲ್ಲೇ ಬರುತ್ತದೆ. ಮಾಮೂಲಿಯಾಗಿ 2 ಸೆಕೆಂಡಿಗೊಮ್ಮೆ ಫೈಲು ಬದಲಾಗಿದೆಯಾ ಎಂದು ನೋಡುತ್ತದೆ. ಲೈವ್ ಸರ್ವರಿನಲ್ಲಿ ಯಾರಾದರೂ ವೇಗಕ್ಕಾಗಿ ವ್ಯಾಲಿಡೇಟ್ ಟೈಮ್‌ಸ್ಟ್ಯಾಂಪ್ಸ್ ಎಂಬ ಸೆಟ್ಟಿಂಗನ್ನು ಸೊನ್ನೆ ಮಾಡಿದ್ದರೆ ಮಾತ್ರ ತೊಂದರೆ. ಆಗ ಅದು ಫೈಲಿನ ಕಡೆ ತಿರುಗಿಯೂ ನೋಡುವುದಿಲ್ಲ, ಎಫ್‌ಪಿಎಂ (ವೆಬ್‌ಸೈಟಿಗಾಗಿ ಪಿಎಚ್‌ಪಿ ಓಡಿಸುವ ಪ್ರೋಗ್ರಾಮ್) ರೀಲೋಡ್ ಮಾಡಬೇಕು. ಟರ್ಮಿನಲ್‌ನಿಂದ ಆಪ್‌ಕ್ಯಾಶ್ ರೀಸೆಟ್ ಓಡಿಸಿ ‘ಮಾಡಿದೆ’ ಅನ್ನಬೇಡಿ. ಟರ್ಮಿನಲ್‌ನ ಪಿಎಚ್‌ಪಿಯ ಮೆಮೊರಿಯೇ ಬೇರೆ, ವೆಬ್‌ಸೈಟಿನದೇ ಬೇರೆ.

ಈಗ ಆ ಕಲ್ಯಾಣ ಮಂಟಪದ ಕಥೆ. ನಮ್ಮ ಭಾವನ ಪರಿಚಯದವರದು. ಯಾವ ದಿನ ಖಾಲಿ ಇದೆ ಎಂದು ತೋರಿಸುವ ಒಂದು ಕ್ಯಾಲೆಂಡರ್ ಪೇಜು. ಬುಕ್ ಆಗಿ ವಾರವಾದ ಮುಹೂರ್ತದ ದಿನ ಇನ್ನೂ ಹಸಿರಾಗಿಯೇ ಇದೆ. ಅದನ್ನು ನೋಡಿಕೊಂಡು ಇನ್ನೊಂದು ಮನೆಯವರು ಮುಂಗಡದ ಹಣ ಹಿಡಿದು ಬಂದುಬಿಟ್ಟರು. ಮಾಲೀಕರು ಫೋನಿನಲ್ಲಿ, “ನಿಮ್ಮ ಕಂಪ್ಯೂಟರಿಗಿಂತ ನಮ್ಮ ಡೈರಿನೇ ವಾಸಿ ಸಾರ್” ಅಂದರು. ನಾನು ಮಾಡಿಕೊಟ್ಟ ಸೈಟಲ್ಲ ಅದು. ಆದರೂ ಬೈಗುಳ ನನಗೆ.

ಮಾಡಿದ ಹುಡುಗನನ್ನು ಕೇಳಿದೆ. “ನೋ-ಸ್ಟೋರ್ ಹೆಡರ್ ಹಾಕಿದೀನಿ ಅಣ್ಣಾ, ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಇದೆ.” ಹೆಡರ್ ಎಂದರೆ ಪೇಜಿಗಿಂತ ಮೊದಲು ಸರ್ವರ್ ಕಳಿಸುವ ಸೂಚನೆಯ ಸಾಲು; ನೋ-ಸ್ಟೋರ್ ಎಂದರೆ ಪೇಜನ್ನು ಇಟ್ಟುಕೊಳ್ಳಬೇಡ ಎಂಬ ಸೂಚನೆ. ಹಾಕಿದ್ದ, ಸುಳ್ಳಲ್ಲ. ಟರ್ಮಿನಲ್‌ನಲ್ಲಿ ಓಡುವ ಕರ್ಲ್ ಎಂಬ ಪ್ರೋಗ್ರಾಮಿನಿಂದ ಲೈವ್ ಸೈಟಿನ ಹೆಡರ್‌ಗಳನ್ನು ತೆಗೆದು ನೋಡಿದರೆ ಆ ಸಾಲೇ ಇಲ್ಲ! ಅದರ ಬದಲು ‘ಏಜ್’ ಎಂಬ ಹೆಡರ್, ಮುಂದೆ ದೊಡ್ಡ ಸಂಖ್ಯೆ. ಪೇಜು ನಡುವಿನ ಕ್ಯಾಶ್‌ನಲ್ಲಿ ಎಷ್ಟು ಸೆಕೆಂಡ್ ಹಳತಾಗಿದೆ ಎಂಬ ಲೆಕ್ಕ ಅದು. ಹೋಸ್ಟಿಂಗ್‌ನವರು ಸ್ಪೀಡ್ ಹೆಚ್ಚಿಸುವ ಬಟನ್ ಒಂದನ್ನು ಕೊಟ್ಟಿದ್ದರು. ಯಾರೋ ಅದನ್ನು ಒತ್ತಿದ್ದರು. ಬೇಡ ಎಂದು ಪೇಜು ಹೇಳದಿದ್ದರೆ ಅದು ಎಲ್ಲವನ್ನೂ ಇಟ್ಟುಕೊಳ್ಳುತ್ತಿತ್ತು.

ಹೆಡರ್ ಎಲ್ಲಿ ಹೋಯಿತು? ಎರರ್ ಲಾಗ್ ತೆರೆದರೆ ‘ಹೆಡರ್ಸ್ ಆಲ್ರೆಡಿ ಸೆಂಟ್’ ಎಂಬ ವಾರ್ನಿಂಗ್ ಸಾಲುಸಾಲಾಗಿ ಬಿದ್ದಿತ್ತು. ಔಟ್‌ಪುಟ್ ಎಲ್ಲಿ ಶುರುವಾಯಿತು ಎಂದೂ ಅದರಲ್ಲೇ ಇತ್ತು: ಡೇಟಾಬೇಸ್ ಕನೆಕ್ಷನ್ನಿನ ಫೈಲು, ಸಾಲು 1. ಆ ಫೈಲು ತೆರೆದರೆ ಮೊದಲ ಸಾಲು ಖಾಲಿ. ಎರಡನೇ ಸಾಲಿನಲ್ಲಿ ಪಿಎಚ್‌ಪಿ ಶುರು. ಅಷ್ಟೇ. ಆ ಒಂದು ಖಾಲಿ ಸಾಲು ಬ್ರೌಸರಿಗೆ ಹೊರಟಿತೆಂದರೆ ಹೆಡರ್‌ಗಳ ಕಾಲ ಮುಗಿಯಿತು. ಆಮೇಲೆ ಹಾಕಿದ್ದೆಲ್ಲ ವ್ಯರ್ಥ. ಹುಡುಗನ ಲ್ಯಾಪ್‌ಟಾಪಿನಲ್ಲಿ ಔಟ್‌ಪುಟ್ ಬಫರಿಂಗ್ (ಕಳಿಸುವ ಮೊದಲು ಎಷ್ಟು ಬೈಟು ಒಳಗೆ ತಡೆದಿಡಬೇಕು ಎಂಬ ಸೆಟ್ಟಿಂಗ್) 4096 ಇತ್ತು, ಹಾಗಾಗಿ ಖಾಲಿ ಸಾಲು ಒಳಗೇ ಕಾದು ಕೂತಿತ್ತು, ಹೆಡರ್ ಮೊದಲು ಹೋಗುತ್ತಿತ್ತು. ಲೈವ್‌ನಲ್ಲಿ ಅದು ಸೊನ್ನೆ. ವಾರ್ನಿಂಗ್ ತೆರೆಯ ಮೇಲೆ ಬರುತ್ತಲೂ ಇರಲಿಲ್ಲ, ಡಿಸ್‌ಪ್ಲೇ ಎರರ್ಸ್ ಆಫ್ ಇತ್ತು. ಲೈವ್‌ನಲ್ಲಿ ಆಫ್ ಇರಬೇಕಾದ್ದೇ. ಲಾಗ್ ಓದುವ ಅಭ್ಯಾಸ ಇರಬೇಕು, ಅಲ್ವಾ?

ಅಂದಹಾಗೆ ‘ನೋ-ಕ್ಯಾಶ್’ ಹಾಕಿ ಸುಮ್ನಾಗಬೇಡಿ. ಅದು ಇಟ್ಟುಕೋ, ಪ್ರತಿ ಸಲ ಕೊಡುವ ಮೊದಲು ಕೇಳು ಎನ್ನುತ್ತದೆ. ಇಟ್ಟುಕೊಳ್ಳಲೇಬೇಡ ಎನ್ನುವುದು ‘ನೋ-ಸ್ಟೋರ್’. ಏನೂ ಹೇಳದೆ ಬಿಟ್ಟರೆ ಬ್ರೌಸರ್ ತಾನೇ ಅಂದಾಜು ಹಾಕಿಕೊಂಡು ಇಟ್ಟುಕೊಳ್ಳಬಹುದು, ನಿಯಮದಲ್ಲೇ ಅದಕ್ಕೆ ಅವಕಾಶವಿದೆ.

ಇನ್ನೂ ಒಂದು ಫೋನ್ ಬರುತ್ತದೆ: “ಸಾರ್, ಹೆಡರ್‌ನಲ್ಲಿ 1981 ನವೆಂಬರ್ 19 ಅಂತ ಬರ್ತಿದೆ, ಹ್ಯಾಕ್ ಆಗಿದೆಯಾ?” ಆಗಿಲ್ಲ. ಸೆಷನ್ (ಬಂದವರು ಯಾರೆಂದು ಪೇಜಿನಿಂದ ಪೇಜಿಗೆ ನೆನಪಿಡುವ ವ್ಯವಸ್ಥೆ) ಶುರು ಮಾಡಿದ ಪೇಜಿಗೆ ಪಿಎಚ್‌ಪಿ ತಾನೇ ಅಂಟಿಸುವ ಹಳೆಯ ತಾರೀಕು ಅದು. ಪೇಜಿನ ಆಯಸ್ಸು ಆಗಲೇ ಮುಗಿದಿದೆ, ಇಟ್ಟುಕೊಳ್ಳಬೇಡಿ ಎಂದು ಹೇಳುವ ದಾರಿ. ಜೊತೆಗೆ ನೋ-ಸ್ಟೋರ್ ಕೂಡ ಬರುತ್ತದೆ. ನಿಮ್ಮನ್ನು ಕಾಪಾಡುತ್ತಿರುವುದೇ ಅದು. ಆದರೆ ‘ಪೇಜು ನಿಧಾನ’ ಎಂದು ಈ ಹೆಡರ್‌ಗಳನ್ನು ನಿರ್ಧರಿಸುವ ಸೆಷನ್ ಕ್ಯಾಶ್ ಲಿಮಿಟರ್ ಎಂಬ ಸೆಟ್ಟಿಂಗನ್ನು ಪಬ್ಲಿಕ್ ಮಾಡುವ ಪುಣ್ಯಾತ್ಮರಿದ್ದಾರೆ. ಆಗ ಲಾಗಿನ್ ಆದವರ ಪೇಜನ್ನು 10800 ಸೆಕೆಂಡ್, ಅಂದರೆ ಮೂರು ಗಂಟೆ, ಯಾರು ಬೇಕಾದರೂ ಇಟ್ಟುಕೊಂಡು ಯಾರಿಗೆ ಬೇಕಾದರೂ ಕೊಡಬಹುದು ಎಂದು ನೀವೇ ಬರೆದುಕೊಟ್ಟ ಹಾಗೆ.

ನನ್ನನ್ನು ಒಬ್ಬರೂ ಕೇಳದ ಪ್ರಶ್ನೆ ಇದು: ನನ್ನ ಪೇಜು ಬೇರೆಯವರಿಗೆ ಹೋಗುತ್ತಿದೆಯಾ? ಹಳೇ ಪೇಜು ಕಂಡರೆ ನೀವು ಕಿರುಚುತ್ತೀರಿ. ಬೇರೆಯವರ ಪೇಜು ಕಂಡರೆ ಕಿರುಚಬೇಕಾದವರಿಗೆ ಗೊತ್ತೇ ಆಗುವುದಿಲ್ಲ. 2015ರ ಕ್ರಿಸ್‌ಮಸ್ ದಿನ ಸ್ಟೀಮ್ ಎಂಬ ಗೇಮ್ ಅಂಗಡಿಯಲ್ಲಿ ಹೀಗೇ ಆಯಿತು. ಸರ್ವರ್ ಮೇಲೆ ದಾಳಿ ನಡೆದಿತ್ತು. ಅದನ್ನು ತಡೆಯಲು ಅವಸರದಲ್ಲಿ ಹಾಕಿದ ಕ್ಯಾಶ್ ಸೆಟ್ಟಿಂಗ್ ಲಾಗಿನ್ ಆದವರ ಪೇಜುಗಳನ್ನೂ ಎತ್ತಿಟ್ಟುಕೊಂಡು ಸಿಕ್ಕಿದವರಿಗೆ ಹಂಚಿತು. ಬಿಲ್ಲಿಂಗ್ ವಿಳಾಸ, ಇಮೇಲ್, ಏನೇನು ಕೊಂಡಿದ್ದಾರೆ ಎಂಬ ಪಟ್ಟಿ. ಸುಮಾರು 34 ಸಾವಿರ ಜನರ ಪೇಜುಗಳು ಹೀಗೆ ಬೇರೆಯವರ ಕಣ್ಣಿಗೆ ಬಿದ್ದಿರಬಹುದು ಎಂದು ಕಂಪನಿಯೇ ಹೇಳಿತು.

ಕುಕೀ (ನಿಮ್ಮ ಗುರುತಿಗೆ ಸೈಟು ಬ್ರೌಸರಿನಲ್ಲಿ ಇಡುವ ಚೀಟಿ) ಇದ್ದರೆ ಎಂಜಿನ್‌ಎಕ್ಸ್ ಕ್ಯಾಶ್ ಮಾಡುವುದಿಲ್ಲ, ಅಲ್ವಾ? ಅರ್ಧ ನಿಜ. ಉತ್ತರದಲ್ಲಿ ಹೊಸ ಕುಕೀ ಹೊರಟರೆ ಮಾಮೂಲಿಯಾಗಿ ಮಾಡುವುದಿಲ್ಲ. ಆದರೆ ಲಾಗಿನ್ ಆಗಿ ಓಡಾಡುತ್ತಿರುವವರಿಗೆ ಪಿಎಚ್‌ಪಿ ಪ್ರತಿ ಸಲ ಕುಕೀ ಕಳಿಸುವುದಿಲ್ಲ. ಎರಡನೇ ಪೇಜಿನಲ್ಲೇ ಆ ರಕ್ಷಣೆ ಹೋಯಿತು.

ಪರೀಕ್ಷೆ ಮಾಡುವುದು ಸುಲಭ. ಲಾಗಿನ್ ಆಗಿ ‘ನನ್ನ ಖಾತೆ’ ಪೇಜನ್ನು ನಾಲ್ಕೈದು ಸಲ ತೆರೆಯಿರಿ. ಆಮೇಲೆ ಬೇರೆ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ, ಲಾಗಿನ್ ಆಗದೆ ಅದೇ ವಿಳಾಸ ಹಾಕಿ. ಲಾಗಿನ್ ಕೇಳಿತೇ, ಒಳ್ಳೆಯದು. ನಿಮ್ಮ ಹೆಸರು ಕಂಡಿತೇ, ಆ ಕ್ಯಾಶನ್ನು ತಕ್ಷಣ ಆಫ್ ಮಾಡಿ, ರಾತ್ರಿ ಹನ್ನೆರಡಾಗಿದ್ದರೂ ನನಗೆ ಫೋನ್ ಮಾಡಿ. ಆ ಫೋನಿಗೆ ಮಾತ್ರ ಬೈಯುವುದಿಲ್ಲ.